ಉಳಿದ ಸೆಟ್ಟಿನಲ್ಲಿ ಎದ್ದ 'ಸೈಬೋರ್ಗ್'

ಅರ್ಧ ಮನುಷ್ಯ ಅರ್ಧ ಯಂತ್ರದ ಅಗ್ಗದ ಚಿತ್ರವೆಂದು ಮೂಗು ಮುರಿಯಬೇಡಿ. 1989ರ 'ಸೈಬೋರ್ಗ್' ಹುಟ್ಟಿದ್ದು ಹೇಗೆ ಕೇಳಿ. ಅಮೆರಿಕದ ಕ್ಯಾನನ್ ಕಂಪನಿ 'ಮಾಸ್ಟರ್ಸ್ ಆಫ್ ದಿ ಯೂನಿವರ್ಸ್' ಎರಡನೇ ಭಾಗಕ್ಕೂ 'ಸ್ಪೈಡರ್‌ಮ್ಯಾನ್'ಗೂ ಸಿದ್ಧತೆ ನಡೆಸಿ, ದುಡ್ಡಿಲ್ಲದೆ ಎರಡನ್ನೂ ಕೈಬಿಟ್ಟಿತು. ಸೆಟ್ಟು, ಉಡುಪು ಹಾಗೇ ಬಿದ್ದಿದ್ದವು. ನಿರ್ದೇಶಕ ಆಲ್ಬರ್ಟ್ ಪ್ಯೂನ್ ಅವಕ್ಕೆ ಹೊಂದುವ ಕಥೆಯನ್ನೇ ಹೊಸೆದರು: ಪಿಡುಗು ಬಡಿದ ಲೋಕ, ಮದ್ದಿನ ಗುಟ್ಟನ್ನು ತಲೆಯೊಳಗೆ ಹೊತ್ತ ಯಂತ್ರ-ಹೆಣ್ಣು. ಪಾತ್ರಗಳಿಗೋ ಗಿಟಾರ್ ಕಂಪನಿಗಳ ಹೆಸರು: ಗಿಬ್ಸನ್, ಫೆಂಡರ್! ಖರ್ಚು ಸುಮಾರು 5 ಲಕ್ಷ ಡಾಲರ್. ಅಮೆರಿಕದ ಚಿತ್ರಮಂದಿರಗಳಲ್ಲೇ ಗಳಿಕೆ ಕೋಟಿ ಡಾಲರ್ ದಾಟಿತು.

ನನ್ನ ಪ್ರೆಸ್ಸಿಗೂ ಒಮ್ಮೆ ದೊಡ್ಡ ಆರ್ಡರು ಕೈಕೊಟ್ಟಿತ್ತು. ತಂದಿಟ್ಟ ಕಾಗದ ಕತ್ತರಿಸಿ, ಬಿಲ್‌ಬುಕ್ಕು ಹೊಲಿದು ಮಾರಿಯೇ ಹುಡುಗರ ಸಂಬಳ ಕೊಟ್ಟೆ. ಚಿತ್ರದ ಕಥೆಯೆಲ್ಲ ತೇಪೆ, ಒಪ್ಪುತ್ತೇನೆ. ಆದರೆ ಆ ತೇಪೆ ನೋಡಿ ನಗಲು ನನ್ನಿಂದಾಗಲಿಲ್ಲ.