ಫುಜಿ ಸೇಬು

ಹಣ್ಣಿನಂಗಡಿಯ ಮುಂದೆ ನಿಂತಾಗ ನಿಮ್ಮ ಕೈ ಮೊದಲು ಹೋಗುವುದು ಕಡುಗೆಂಪು ಸೇಬಿನ ಕಡೆಗೆ. ಪಕ್ಕದಲ್ಲೇ ಇನ್ನೊಂದು ಗುಡ್ಡೆಯಿರುತ್ತದೆ. ಹಳದಿಯ ಮೇಲೆ ನಸುಗೆಂಪು ಗೆರೆಗಳನ್ನೆಳೆದಂಥ ಮೈ. ಅಂಟಿಸಿದ ಚೀಟಿಯಲ್ಲಿ ‘ಫುಜಿ’ ಎಂಬ ಹೆಸರು. ಬಣ್ಣ ಸಾಲದೆಂದು ಅದನ್ನು ಬಿಟ್ಟು ಬರುವವರೇ ಹೆಚ್ಚು. ಈ ಹಣ್ಣಿನ ವಿಷಯದಲ್ಲಿ ಕಣ್ಣನ್ನು ನಂಬಿದರೆ ನಾಲಿಗೆಗೆ ನಷ್ಟವೆಂದೇ ನನ್ನ ಅಭಿಪ್ರಾಯ.

ಫುಜಿ ಹುಟ್ಟಿದ್ದು ಜಪಾನಿನ ಉತ್ತರಭಾಗದ ಅವೊಮೊರಿ ಪ್ರಾಂತದಲ್ಲಿ, ಫುಜಿಸಾಕಿ ಎಂಬ ಊರಿನಲ್ಲಿ. ಅದು ಹಿಮ ಬೀಳುವ ಚಳಿನಾಡು. ಅಲ್ಲಿಯ ತೋಟಗಾರಿಕೆ ಸಂಶೋಧನಾ ಕೇಂದ್ರದವರು 1939ರಲ್ಲಿ ಅಮೆರಿಕದಿಂದ ಬಂದ ರಾಲ್ಸ್ ಜೆನೆಟ್ ಮತ್ತು ರೆಡ್ ಡೆಲಿಷಸ್ ಎಂಬ ಎರಡು ಜಾತಿಗಳನ್ನು ಕೂಡಿಸಿ ಬೀಜ ಪಡೆದರು. ಯುದ್ಧದ ವರ್ಷಗಳು ಕಳೆದು, ಗಿಡಗಳು ಫಲಕ್ಕೆ ಬಂದು, ಆರಿಸಿ ಪರೀಕ್ಷಿಸಿ ಹೆಸರಿಡುವ ಹೊತ್ತಿಗೆ 1962 ಬಂದಿತ್ತು. ಒಂದು ಹಣ್ಣಿಗೆ ಇಪ್ಪತ್ತಮೂರು ವರ್ಷ! ಸೇಬಿನ ಬೀಜ ನೆಟ್ಟರೆ ತಾಯಿಯಂಥ ಹಣ್ಣು ಬರುವುದಿಲ್ಲ. ನಮ್ಮ ರಸಪುರಿ ಮಾವಿನಂತೆ ಕಸಿ ಕಟ್ಟಿಯೇ ಬೆಳೆಸಬೇಕು. ಇಂದು ಚೀನದಲ್ಲಾಗಲಿ, ನಮ್ಮ ಹಿಮಾಚಲದಲ್ಲಾಗಲಿ ಇರುವ ಫುಜಿ ಮರಗಳೆಲ್ಲ ಆ ಒಂದು ಮರದ ಸಂತಾನವೇ ಸರಿ.

ಬೇಸಾಯ ಮಾತ್ರ ಮಗುವನ್ನು ಸಾಕಿದ ಹಾಗೆ. ಗೊಂಚಲಿನಲ್ಲಿ ಒಂದೇ ಕಾಯಿಯನ್ನುಳಿಸಿ ಮಿಕ್ಕವನ್ನು ಕಿತ್ತುಹಾಕುತ್ತಾರೆ. ಇಲ್ಲವಾದರೆ ಈ ವರ್ಷ ಮೈತುಂಬ ಫಲ ಕೊಟ್ಟ ಮರ ಮುಂದಿನ ವರ್ಷ ಬರಿಗೈ ತೋರಿಸುತ್ತದೆ. ಬಳಿಕ ಒಂದೊಂದು ಕಾಯಿಗೂ ಕಾಗದದ ಚೀಲ ತೊಡಿಸುವುದುಂಟು. ಕೊಯ್ಲಿಗೆ ತಿಂಗಳಿರುವಾಗ ಚೀಲ ತೆಗೆದು, ನೆರಳು ಮಾಡುವ ಎಲೆಗಳನ್ನು ಚಿವುಟಿ, ಹಣ್ಣನ್ನು ಕೈಯಿಂದಲೇ ಬಿಸಿಲಿಗೆ ತಿರುಗಿಸುತ್ತಾರೆ. ಆಗ ಸಿಪ್ಪೆ ಒಂದೇ ಸಮನೆ ಕೆಂಪಾಗುತ್ತದೆ. ಆದರೆ ಚೀಲವಿಲ್ಲದೆ, ಮೊದಲಿನಿಂದ ಕಡೆಯವರೆಗೆ ಬಿಸಿಲುಂಡ ಹಣ್ಣೇ ಹೆಚ್ಚು ಸಿಹಿ! ಅದರ ಮೈ ಒರಟು, ಬಣ್ಣ ಏರುಪೇರು. ಜಪಾನಿನಲ್ಲಿ ಅದನ್ನು ‘ಸನ್ ಫುಜಿ’ ಎಂದು ಬೇರೆಯಾಗಿಯೇ ಮಾರುತ್ತಾರೆ. ಚೀಲದ ಹಣ್ಣು ಹೆಚ್ಚು ದಿನ ಇಡಲು ಒಳ್ಳೆಯದು.

ಫುಜಿ ಮಾಗುವುದು ತಡವಾಗಿ, ನವೆಂಬರಿನ ಸುಮಾರಿಗೆ. ಮರದ ಮೇಲೆ ಹೆಚ್ಚು ಕಾಲ ನಿಂತಷ್ಟೂ ಸಿಹಿ, ಅಷ್ಟೇ ಅಪಾಯ. 1991ರ ಸೆಪ್ಟೆಂಬರ್ ಕೊನೆಯಲ್ಲಿ ಬೀಸಿದ ಚಂಡಮಾರುತ ಅವೊಮೊರಿಯ ತೋಟಗಳಲ್ಲಿ ರಾಶಿರಾಶಿ ಹಣ್ಣನ್ನು ನೆಲಕ್ಕೆ ಕೆಡವಿತು. ವರ್ಷದ ದುಡಿಮೆ ಮಣ್ಣುಪಾಲಾಯಿತು. ಕೊಂಬೆಯಲ್ಲಿ ಉಳಿದ ಸೇಬುಗಳನ್ನು ‘ಬೀಳದ ಸೇಬು’ ಎಂದು ಪರೀಕ್ಷೆಗೆ ಕೂರುವ ವಿದ್ಯಾರ್ಥಿಗಳಿಗೆ ಮಾರಿದರು. ಜಪಾನಿ ಭಾಷೆಯಲ್ಲಿ ಬೀಳುವುದಕ್ಕೂ ಪರೀಕ್ಷೆಯಲ್ಲಿ ನಪಾಸಾಗುವುದಕ್ಕೂ ಒಂದೇ ಮಾತು!

ಇನ್ನು ನಮ್ಮ ಅಡಿಗೆಮನೆಗೆ ಬರೋಣ. ಕೈಗೆ ಗಟ್ಟಿಯಾಗಿ, ತೂಕವಾಗಿರುವ ಹಣ್ಣನ್ನು ಆರಿಸಿಕೊಳ್ಳಿ. ಹೆಚ್ಚಿದಾಗ ಬೀಜದ ಸುತ್ತ ಗಾಜಿನಂತೆ ನೀರಾಡಿದ ಭಾಗ ಕಂಡರೆ ಕೆಟ್ಟಿತೆಂದು ಬಿಸಾಡಬೇಡಿ. ಅದು ಮರದಲ್ಲೇ ಚೆನ್ನಾಗಿ ಮಾಗಿದ ಗುರುತು. ಜಪಾನಿನವರು ಅದನ್ನು ಜೇನೆಂದು ಕರೆದು ಹುಡುಕಿ ಕೊಳ್ಳುತ್ತಾರೆ. ಅಂಥ ಹಣ್ಣು ಬಹುಕಾಲ ನಿಲ್ಲದು, ಅಂದೇ ತಿನ್ನಬೇಕು. ಆ ಭಾಗ ಕಂದುಬಣ್ಣಕ್ಕೆ ತಿರುಗಿದ್ದರೆ ಮಾತ್ರ ಕೊಯ್ದು ತೆಗೆಯಿರಿ. ಉಳಿದಂತೆ ಫುಜಿ ತಾಳಿಕೆಯ ಹಣ್ಣು. ಮಾಗಿಸುವ ಅನಿಲ ಇದರಿಂದ ಹೊರಡುವುದು ಕಡಿಮೆಯಾದುದರಿಂದ ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಗರಿಗರಿಯಾಗಿ ಇರುತ್ತದೆ. ಮನೆಯಲ್ಲಿಯೂ ತಂಪಾದ ಜಾಗದಲ್ಲೇ ಇಡಿ.

ಹಸಿಯಾಗಿ ತಿನ್ನುವುದೇ ಮೇಲು. ಕೋಸಂಬರಿಗೆ ಹೆಚ್ಚಿ ಹಾಕಿದರೆ ಸೌತೆಕಾಯಿಗೆ ಒಳ್ಳೆಯ ಜೊತೆ. ಬೇಯಿಸಿದರೂ ಹೋಳು ಬೇಗ ಕರಗುವುದಿಲ್ಲ. ಕೇಸರಿಬಾತಿಗೆ ಹಾಕುವುದಾದರೆ ಸಕ್ಕರೆಯನ್ನು ಕಡಿಮೆ ಮಾಡಿ, ಹೋಳಿಗೆ ನಾಲ್ಕು ಹನಿ ನಿಂಬೆರಸ ಹಿಂಡಿ. ಇದರಲ್ಲಿ ಹುಳಿ ಕಡಿಮೆ.