ವಿಮಾನ ಬಿದ್ದರೆ ಸತ್ತವನೇ ತಪ್ಪಿತಸ್ಥನೆ?

(ಯಲಹಂಕದಲ್ಲಿ ಗಿರಣಿ ಕೆಲಸಗಾರರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಯಲಹಂಕದವರ ಮುಂದೆ ವಿಮಾನದ ಮಾತಾಡುವುದೆಂದರೆ ಕಡಲ ದಂಡೆಯವರಿಗೆ ಮೀನಿನ ಕಥೆ ಹೇಳಿದಂತೆ. 1963ರಲ್ಲಿ ಇಲ್ಲಿ ವಾಯುಪಡೆಯ ನೆಲೆ ಶುರುವಾಯಿತು. ಅಂದಿನಿಂದ ಈ ಊರಿನ ಮಕ್ಕಳು ವಿಮಾನದ ಸದ್ದಿಗೆ ತಲೆಯೆತ್ತಿ ನೋಡುವುದನ್ನೇ ಬಿಟ್ಟಿದ್ದಾರೆ. ಆದರೆ 2019ರ ಫೆಬ್ರವರಿ 19ರಂದು ಎಲ್ಲರೂ ತಲೆಯೆತ್ತಿ ನೋಡಿದರು. ಮರುದಿನ ವಿಮಾನ ಪ್ರದರ್ಶನ ಆರಂಭವಾಗುವುದಿತ್ತು. ಅದರ ಅಭ್ಯಾಸ ನಡೆದಿದ್ದಾಗ ಸೂರ್ಯಕಿರಣ ತಂಡದ ಎರಡು ಹಾಕ್ ವಿಮಾನಗಳು ಆಕಾಶದಲ್ಲೇ ಒಂದಕ್ಕೊಂದು ತಾಗಿದವು. ಇಬ್ಬರು ಚಾಲಕರು ಹೊರಕ್ಕೆ ಚಿಮ್ಮಿ ಪ್ಯಾರಾಚೂಟಿನಿಂದ ಇಳಿದರು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಮಡಿದರು. ಅದೇ ತಿಂಗಳ ಮೊದಲ ತಾರೀಖು ಎಚ್.ಎ.ಎಲ್. ವಿಮಾನ ನಿಲ್ದಾಣದಲ್ಲಿ ಮಿರಾಜ್ ವಿಮಾನವೊಂದು ನೆಲಕ್ಕೆ ಅಪ್ಪಳಿಸಿ ಉರಿದು, ಪರೀಕ್ಷಾ ಚಾಲಕರಾದ ಸಮೀರ್ ಅಬ್ರೋಲ್ ಮತ್ತು ಸಿದ್ಧಾರ್ಥ ನೇಗಿ ತೀರಿಕೊಂಡಿದ್ದರು. ಒಂದೇ ನಗರ, ಒಂದೇ ತಿಂಗಳು, ಮೂವರು ಚಾಲಕರು.

ಅಂದು ಸಂಜೆ ಹೋಟೆಲುಗಳಲ್ಲಿ ಚಹಾ ಕುಡಿಯುತ್ತ ಜನ ಆಡಿದ ಮಾತು ನಿಮಗೆ ನೆನಪಿರಬೇಕು. "ಚಾಲಕನದೇ ಏನೋ ಹೆಚ್ಚುಕಡಿಮೆ ಆಗಿರಬೇಕು." ವಿಮಾನ ಬಿದ್ದ ಅರ್ಧ ಗಂಟೆಗೆ ಈ ತೀರ್ಪು ಸಿದ್ಧ! ತನಿಖೆಯವರು ಇನ್ನೂ ಬೂಟಿನ ದಾರ ಕಟ್ಟಿರುವುದಿಲ್ಲ.

ಈ ತೀರ್ಪಿನ ಧಾಟಿ ನಿಮಗೆ ಎಲ್ಲೋ ಕೇಳಿದ ಹಾಗಿದೆಯಲ್ಲವೆ? ಒಂದು ಗಿರಣಿಯಲ್ಲಿ, ಹೆಸರು ಬೇಡ, ಒಬ್ಬ ಕೆಲಸಗಾರನ ಎರಡು ಬೆರಳು ಬೆಲ್ಟಿಗೆ ಸಿಕ್ಕಿ ಹೋದವು. ನಾವು ಸಂಘದ ಪರವಾಗಿ ವಿಚಾರಿಸಲು ಹೋದೆವು. ವರದಿಯಲ್ಲಿ ಬರೆದಿದ್ದು ಒಂದೇ ಸಾಲು: ಕೆಲಸಗಾರನ ಅಜಾಗರೂಕತೆ. ಆ ಬೆಲ್ಟಿನ ಮೇಲಿರಬೇಕಾದ ತಗಡಿನ ಮುಚ್ಚಳ ಮೂರು ತಿಂಗಳಿಂದ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ತೆಗೆಸಿದವರು ಯಾರು, ಮತ್ತೆ ಹಾಕಿಸದವರು ಯಾರು, ಈ ಪ್ರಶ್ನೆ ಕಾಗದದ ಮೇಲೆ ಬರಲೇ ಇಲ್ಲ. ಬೆರಳು ಕಳೆದುಕೊಂಡವನು ಬದುಕಿದ್ದ, ಆದ್ದರಿಂದ ನಮಗೆ ಮುಚ್ಚಳದ ಸಂಗತಿ ತಿಳಿಯಿತು. ವಿಮಾನದ ಚಾಲಕ ಬದುಕಿರುವುದಿಲ್ಲ.

ನಾವು ಎಂಜಿನಿಯರರಲ್ಲ. ಮೆಟ್ರಿಕ್ ಓದಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದವರು. ರೆಕ್ಕೆ ಹೇಗೆ ಮುರಿಯಿತು ಎಂದು ಹೇಳುವ ಅಧಿಕಾರ ನಮಗಿಲ್ಲ. ಆದರೆ ಮುರಿದ ಮೇಲೆ ಮೇಲಿನವರು ಏನು ಮಾಡಿದರು ಎಂದು ಕೇಳುವ ಅಧಿಕಾರ ಎಲ್ಲರಿಗೂ ಇದೆ.

ಯಲಹಂಕದಲ್ಲಿ ತಾಗಿದ ಆ ಹಾಕ್ ವಿಮಾನ ನಮ್ಮ ದೇಶಕ್ಕೆ ಬಂದ ಕಥೆಯನ್ನೇ ನೋಡಿ. ಅದು ಸೋವಿಯೆತ್ ದೇಶದ ಮಿಗ್ ವಿಮಾನದ ಕಥೆಗೆ ಅಂಟಿಕೊಂಡಿದೆ. ಮಿಗ್-21 ನಮ್ಮ ವಾಯುಪಡೆಗೆ ಸೇರಿದ್ದು 1963ರಲ್ಲಿ. ಯಲಹಂಕದ ನೆಲೆ ಹುಟ್ಟಿದ ವರ್ಷವೇ. ಅದು ನಿವೃತ್ತಿಯಾದದ್ದು 2025ರ ಸೆಪ್ಟೆಂಬರ್ 26ರಂದು. ಅರುವತ್ತೆರಡು ವರ್ಷ! 1965ರಲ್ಲೂ 1971ರಲ್ಲೂ ಯುದ್ಧದಲ್ಲಿ ದುಡಿದ ಯಂತ್ರ ಅದು, ಅದನ್ನು ಹೀಯಾಳಿಸುವುದು ನಮ್ಮ ಉದ್ದೇಶವಲ್ಲ. ಆದರೆ ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೆಲ ಮುಟ್ಟುವ ಆ ವಿಮಾನಕ್ಕೆ ನಮ್ಮ ಹುಡುಗರು ಹತ್ತುತ್ತಿದ್ದದ್ದು ನಿಧಾನದ ಕಿರಣ್ ತರಬೇತಿ ವಿಮಾನದಲ್ಲಿ ಕಲಿತು. ನಡುವೆ ಒಂದು ಮೆಟ್ಟಿಲು ಬೇಕಾಗಿತ್ತು. ಎತ್ತಿನಗಾಡಿ ಹೊಡೆಯಲು ಕಲಿತವನನ್ನು ಮರುದಿನ ಎಕ್ಸ್‌ಪ್ರೆಸ್ ರೈಲಿನ ಎಂಜಿನ್ನಿಗೆ ಕೂರಿಸಿದರೆ ಏನಾದೀತು?

ಇದು ಮೇಲಿನವರಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಅಪಘಾತಗಳನ್ನು ಪರಿಶೀಲಿಸಿದ ಲಾ ಫಾಂಟೇನ್ ಸಮಿತಿ 1982ರಲ್ಲೇ ಉನ್ನತ ಜೆಟ್ ತರಬೇತಿ ವಿಮಾನ ತರಿಸಿರಿ ಎಂದು ಹೇಳಿತ್ತು. ಹಾಕ್ ವಿಮಾನಕ್ಕೆ ಕರಾರು ಆದದ್ದು 2004ರಲ್ಲಿ. ಒಟ್ಟು 66 ವಿಮಾನಗಳು: 24 ಬ್ರಿಟನ್ನಿನಲ್ಲಿ ಆದವು, 42 ನಮ್ಮ ಬೆಂಗಳೂರಿನ ಎಚ್.ಎ.ಎಲ್. ಕೆಲಸಗಾರರ ಕೈಯಲ್ಲಿ ಆಗಬೇಕಾದವು. 2008ರಲ್ಲಿ ಅವು ಬೀದರಿನ ನೆಲೆಗೆ ಸೇರಿದವು. ಸಮಿತಿ ಹೇಳಿದ್ದಕ್ಕೂ ಕಾಗದಕ್ಕೆ ರುಜು ಬಿದ್ದದ್ದಕ್ಕೂ ನಡುವೆ 22 ವರ್ಷ. ಆ ವರ್ಷಗಳಲ್ಲಿ ಕಡತ ಮೇಜಿನಿಂದ ಮೇಜಿಗೆ ಹೋಯಿತು, ಸರಕಾರಗಳು ಬಂದುಹೋದವು. 2012ರಲ್ಲಿ ರಕ್ಷಣಾ ಸಚಿವ ಎ. ಕೆ. ಆಂಟನಿಯವರು ಸಂಸತ್ತಿನಲ್ಲಿ ಲೆಕ್ಕ ಕೊಟ್ಟರು: 872 ಮಿಗ್ ವಿಮಾನಗಳಲ್ಲಿ 482 ಅಪಘಾತಕ್ಕೆ ಈಡಾಗಿದ್ದವು. ಸತ್ತ ಚಾಲಕರು 171. ನೆಲದ ಮೇಲಿದ್ದು ಸತ್ತ ಸಾಮಾನ್ಯ ಪ್ರಜೆಗಳು 39. ಮನುಷ್ಯನ ತಪ್ಪು, ಯಂತ್ರದ ದೋಷ, ಎರಡೂ ಕಾರಣ ಎಂದು ಉತ್ತರದಲ್ಲಿತ್ತು. ಮನುಷ್ಯನ ತಪ್ಪು ಎನ್ನುವಾಗ ಯಾವ ಮನುಷ್ಯನ ತಪ್ಪು ಎಂಬುದು ನಮ್ಮ ಪ್ರಶ್ನೆ. ಕಡತ ಹಿಡಿದು ಕೂತವರೂ ಮನುಷ್ಯರೇ ಅಲ್ಲವೆ?

ಇನ್ನು ಮಿಗ್ ಹುಟ್ಟಿದ ಮನೆಗೆ ಹೋಗೋಣ. ಸಮಾಜವಾದಿಗಳು ಎಂದಾಕ್ಷಣ ಮಾಸ್ಕೋ ಮಾಡಿದ್ದಕ್ಕೆಲ್ಲ ಕಣ್ಣು ಮುಚ್ಚಬೇಕೆಂದು ನಾವು ತಿಳಿದವರಲ್ಲ. ಎರಡನೆಯ ಮಹಾಯುದ್ಧದಲ್ಲಿ ಕೋಟಿಗಟ್ಟಲೆ ಜನರನ್ನು ಕಳೆದುಕೊಂಡ ದೇಶ, ಯುದ್ಧ ಮುಗಿದ ಒಂದು ವರ್ಷದೊಳಗೆ, 1946ರ ಏಪ್ರಿಲಿನಲ್ಲಿ, ತನ್ನ ಜೆಟ್ ವಿಮಾನ ಮಿಗ್-9 ಅನ್ನು ಹಾರಿಸಿತು. ಮೆಚ್ಚಬೇಕಾದ್ದೇ. ಅದನ್ನು ಮೊದಲು ಹಾರಿಸಿದ ಚಾಲಕ ಅಲೆಕ್ಸೇಯ್ ಗ್ರಿಂಚಿಕ್ ಅದೇ ಜುಲೈನಲ್ಲಿ ಅದೇ ವಿಮಾನದಲ್ಲಿ ಸತ್ತರು. ಹೊಸ ಯಂತ್ರಕ್ಕೆ ಬಲಿ ಬೀಳುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ. ನಮ್ಮ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ 1970ರ ಜನವರಿ 10ರಂದು ಬೆಂಗಳೂರಿನಲ್ಲೇ ಮಾರುತ್ ವಿಮಾನ ಪರೀಕ್ಷಿಸುತ್ತ ಮಡಿದರು, ಅವರ ಹೆಸರಿನ ರಸ್ತೆಯಲ್ಲಿ ನೀವು ಬಸ್ಸಿನಲ್ಲಿ ಹೋಗಿದ್ದೀರಿ. ಸೋವಿಯೆತ್ ಆಡಳಿತದ ದೋಷ ಅದಲ್ಲ, ಮುಚ್ಚಿಡುವ ಚಟ.

1950ರ ಜನವರಿ 5. ಸ್ವೆರ್ಡ್ಲೋವ್ಸ್ಕ್ ನಗರದ ಹತ್ತಿರ ಹಿಮಗಾಳಿಯಲ್ಲಿ ಇಳಿಯಲು ಮತ್ತೆ ಮತ್ತೆ ಯತ್ನಿಸಿದ ಲಿ-2 ವಿಮಾನ ನೆಲಕ್ಕೆ ಬಿತ್ತು. ಲಿ-2 ಎಂದರೆ ಬೇರೇನಲ್ಲ, ನಮ್ಮವರು ಡಕೋಟಾ ಎನ್ನುತ್ತಿದ್ದ ವಿಮಾನವನ್ನೇ ಅವರು ಪರವಾನಗಿ ಪಡೆದು ತಮ್ಮಲ್ಲಿ ಕಟ್ಟಿದ್ದು. ಒಳಗಿದ್ದವರು ಸೋವಿಯೆತ್ ವಾಯುಪಡೆಯ ಐಸ್ ಹಾಕಿ ತಂಡದವರು. 11 ಮಂದಿ ಆಟಗಾರರೂ ಸೇರಿ 19 ಜನ ಸತ್ತರು. ಆ ತಂಡದ ಪೋಷಕ ಸ್ಟಾಲಿನ್‌ನ ಮಗ ವಾಸಿಲಿ. ಪತ್ರಿಕೆಗಳು ಬಾಯಿ ಬಿಡಲಿಲ್ಲ. ಬೇರೆ ಆಟಗಾರರನ್ನು ತುಂಬಿ ತಂಡವನ್ನು ಕಣಕ್ಕೆ ಇಳಿಸಿದರು. ಪ್ರಜೆಗಳ ಹೆಸರಿನಲ್ಲಿ ಆಳುವ ಸರಕಾರಕ್ಕೆ ಪ್ರಜೆಗಳ ಮುಂದೆ ಒಂದು ಸಾವು ಹೇಳಿಕೊಳ್ಳುವ ಧೈರ್ಯವಿರಲಿಲ್ಲ.

1956ರ ಸೆಪ್ಟೆಂಬರಿನಲ್ಲಿ ಅವರು ತು-104 ಎಂಬ ಪ್ರಯಾಣಿಕರ ಜೆಟ್ ವಿಮಾನವನ್ನು ಮಾಸ್ಕೋದಿಂದ ಇರ್ಕೂತ್ಸ್ಕ್‌ಗೆ ಓಡಿಸತೊಡಗಿದರು. ಇಡೀ ಜಗತ್ತು ಬೆರಗಾಯಿತು. 1958ರ ಆಗಸ್ಟ್ 15ರಂದು ಸೈಬೀರಿಯದ ಪೂರ್ವಕ್ಕೆ ಅಂಥದೊಂದು ವಿಮಾನ ಬಲವಾದ ಮೇಲ್ಮುಖ ಗಾಳಿಗೆ ಸಿಕ್ಕಿತು, ಮೂಗು ಮೇಲೆದ್ದಿತು, ವೇಗ ಕಳೆದುಕೊಂಡಿತು, ಸುತ್ತುತ್ತ ಬಿತ್ತು. ಸತ್ತವರು 64. ಎರಡು ತಿಂಗಳು ಕಳೆಯಿತು. ಅದೇ ಮಾದರಿಯ ವಿಮಾನಗಳು ಹಾರುತ್ತಲೇ ಇದ್ದವು. ಅಕ್ಟೋಬರ್ 17ರಂದು ಬೀಜಿಂಗಿನಿಂದ ಮಾಸ್ಕೋಗೆ ಹೊರಟ ತು-104 ಅಲ್ಲಿ ಮಂಜು ಕವಿದಿದ್ದರಿಂದ ಇಳಿಯಲಾಗದೆ ಹಿಂದಿರುಗಿತ್ತು. ಕನಾಶ್ ಎಂಬ ಊರಿನ ಮೇಲೆ ಅದಕ್ಕೂ ಅದೇ ಗಾಳಿ, ಅದೇ ಗತಿ.

ಇಲ್ಲಿ ಒಬ್ಬ ಮನುಷ್ಯನ ವಿಷಯ ಹೇಳಬೇಕು. ಚಾಲಕನ ಹೆಸರು ಹೆರಾಲ್ಡ್ ಕುಜ್ನೆತ್ಸೋವ್. ವಿಮಾನ ಹತ್ತು ಸಾವಿರ ಮೀಟರಿಗೂ ಹೆಚ್ಚು ಎತ್ತರದಿಂದ ತಲೆಕೆಳಗಾಗಿ ಬೀಳುತ್ತಿದೆ. ಉಳಿಯುವುದಿಲ್ಲವೆಂದು ಅವನಿಗೆ ಗೊತ್ತಾಗಿದೆ. ಆ ಹೊತ್ತಿನಲ್ಲಿ ಅವನು ರೇಡಿಯೋದಲ್ಲಿ ನೆಲದವರಿಗೆ ತಿಳಿಸಿದ್ದು ತನ್ನ ವಿಮಾನ ಹೇಗೆ ಬೀಳುತ್ತಿದೆ ಎಂಬುದನ್ನು: ಮೂಗು ಎತ್ತ ತಿರುಗಿತು, ತಾನು ಹಿಡಿಕೆ ದೂಡಿದಾಗ ಯಂತ್ರ ಹೇಗೆ ಓಗೊಡಲಿಲ್ಲ. 80 ಜನರೂ ಸತ್ತರು. ಆ ಮಾತುಗಳು ಉಳಿದವು. ಅವುಗಳಿಂದ ತನಿಖೆಯವರಿಗೆ ದಾರಿ ಸಿಕ್ಕಿತು; ಬಾಲದ ಸಮತೋಲಕದ ವ್ಯವಸ್ಥೆ ಬದಲಾಯಿತು, ಹಾರುವ ಎತ್ತರಕ್ಕೆ ಮಿತಿ ಬಿತ್ತು. ಸಾಯುತ್ತಿದ್ದವನು ವರದಿ ಕೊಟ್ಟ, ಬದುಕಿದ್ದವರು ಆಗಸ್ಟಿನಲ್ಲೇ ಕೊಡಬೇಕಾದದ್ದನ್ನು. ಅದರಲ್ಲಿ ಸತ್ತವರೊಳಗೆ ಚೀನದ ಸಾಂಸ್ಕೃತಿಕ ನಿಯೋಗದ ನಾಯಕ ಝೆಂಗ್ ಝೆಂದುವೋ ಇದ್ದರು. ನಮ್ಮ ರವೀಂದ್ರನಾಥ ಠಾಕೂರರ ಕವಿತೆಗಳನ್ನು ಚೀನೀ ಭಾಷೆಗೆ ತಂದವರು. ಹೊರದೇಶದವರು ಸತ್ತಿದ್ದರಿಂದ ಈ ಸುದ್ದಿಯನ್ನು ಗೋಣಿಯಲ್ಲಿ ಕಟ್ಟಿಡಲು ಆಗಲಿಲ್ಲ.

ಯೂರಿ ಗಗಾರಿನ್‌ಗಾದರೂ ಬೇರೆ ಮರ್ಯಾದೆ ಸಿಕ್ಕಿತೆ? 1968ರ ಮಾರ್ಚ್ 27ರಂದು ಮಿಗ್-15 ತರಬೇತಿ ವಿಮಾನದಲ್ಲಿ ಅವನೂ ಅವನ ಶಿಕ್ಷಕ ಸೆರ್ಯೋಗಿನ್‌ನೂ ಸತ್ತರು. ತನಿಖೆಯ ತೀರ್ಮಾನ ಜನರ ಕಣ್ಣಿಗೆ ಬಿದ್ದದ್ದು 2011ರಲ್ಲಿ, ಆ ಸರಕಾರವೇ ಇಲ್ಲವಾಗಿ ಇಪ್ಪತ್ತು ವರ್ಷವಾದ ಮೇಲೆ. ಅಷ್ಟರಲ್ಲಿ ಅವನು ಕುಡಿದಿದ್ದ ಎಂಬ ಸುಳ್ಳೂ ದೇಶದೇಶ ಸುತ್ತಿ ಬಂದಿತ್ತು. ಬೆಳಕಿಲ್ಲದ ಕೋಣೆಯಲ್ಲಿ ಜಿರಲೆ ಹೆಚ್ಚುತ್ತವೆ.

ಯಶವಂತಪುರದ ಮಂಡಿಯಿಂದ ಬಂದ ವರ್ತಕ ಬಂಧುಗಳು ಇಲ್ಲಿದ್ದಾರೆ. ನಷ್ಟವಾದ ದಿನದ ಪುಟವನ್ನು ಹರಿದುಹಾಕಿ ವ್ಯಾಪಾರ ಮಾಡುವವನ ಗತಿ ಏನೆಂದು ಅವರನ್ನೇ ಕೇಳಿ. ನಾವು ಮೇಷ್ಟರಾಗಿದ್ದಾಗ ಒಂದು ತಪ್ಪು ಮಾಡಿದ್ದೆವು. ತರಗತಿಯಲ್ಲಿ ಭೂಗೋಳದ ಗುಂಡು ಒಡೆದಿತ್ತು. ಒಬ್ಬ ಹುಡುಗ ಎದ್ದು "ನಾನೇ ಸಾರ್" ಎಂದ. ಅವನಿಗೆ ಹೊಡೆದೆವು. ಆ ವರ್ಷವೆಲ್ಲ ಮತ್ತೆ ಏನು ಒಡೆದರೂ ಯಾರೂ ಎದ್ದು ನಿಲ್ಲಲಿಲ್ಲ. ಮೇಜು ಅಲುಗಾಡುತ್ತಿತ್ತು, ಅದಕ್ಕೇ ಗುಂಡು ಬಿತ್ತೆಂದು ತಿಳಿಯಲು ನಮಗೆ ಇನ್ನೊಂದು ಗುಂಡು ಹೋಗಬೇಕಾಯಿತು.

ರಷ್ಯದವರನ್ನು ಬೈದದ್ದಾಯಿತು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಎಣಿಸಿದನಂತೆ, ಹಾಗಾಗಬಾರದು. ನಮ್ಮಲ್ಲಿ ಪ್ರಯಾಣಿಕರ ವಿಮಾನ ಬಿದ್ದರೆ ಬಹಿರಂಗ ತನಿಖೆಯ ಪದ್ಧತಿ ಇದೆ; ಅದು ಇರುವುದು ಒಳ್ಳೆಯದೇ. 1990ರ ಫೆಬ್ರವರಿ 14ರಂದು ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್, ಎಚ್.ಎ.ಎಲ್. ನಿಲ್ದಾಣದ ಪಟ್ಟಿ ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಿತ್ತು. 146 ಜನರಲ್ಲಿ 92 ಮಂದಿ ಸತ್ತರು. ವಿಮಾನ ಹೊಚ್ಚ ಹೊಸದು. ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಶಿವಶಂಕರ ಭಟ್ಟರು ವಿಚಾರಣೆ ನಡೆಸಿದರು. ಎಂಜಿನ್ನುಗಳು ಕನಿಷ್ಠ ಶಕ್ತಿಯಲ್ಲಿ ಉಳಿದು ವೇಗ ಕುಸಿಯುತ್ತಿದ್ದದ್ದನ್ನು ಚಾಲಕರು ಸಮಯಕ್ಕೆ ಗಮನಿಸಲಿಲ್ಲ ಎಂದು ತೀರ್ಮಾನವಾಯಿತು. ಸರಿ. ಆದರೆ ಆ ಹೊಸ ಯಂತ್ರದ ಗುಂಡಿಗಳೂ ಅಂಕಿಗಳೂ ಮನುಷ್ಯನನ್ನು ಎಷ್ಟು ಸುಲಭವಾಗಿ ದಾರಿ ತಪ್ಪಿಸುತ್ತವೆ? 1992ರ ಜನವರಿಯಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಬಳಿ ಅದೇ ಮಾದರಿಯ ವಿಮಾನ ಬೆಟ್ಟಕ್ಕೆ ಬಡಿದು 87 ಜನ ಸತ್ತರು. ಇಳಿಯುವ ಕೋನ ಮತ್ತು ಇಳಿಯುವ ವೇಗ, ಎರಡನ್ನೂ ಒಂದೇ ಕಿಂಡಿಯಲ್ಲಿ ಹತ್ತಿರಹತ್ತಿರ ಒಂದೇ ಥರದ ಅಂಕಿಯಲ್ಲಿ ತೋರಿಸುತ್ತಿದ್ದದ್ದು ಅಲ್ಲಿ ಎದ್ದು ಬಂತು. ಆಮೇಲೆ ಕಂಪನಿ ಆ ಕಿಂಡಿಯನ್ನು ತಿದ್ದಿತು. ಬಹಿರಂಗ ತನಿಖೆಯೊಂದೇ ಸಾಲದು. ಮಾರುವವನ ಕಿವಿಗೂ ಅದು ಬೀಳಬೇಕು.

ಮಂಗಳೂರಿನ ದುರಂತ ನಿಮಗೆಲ್ಲ ಗೊತ್ತು. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ವಿಮಾನ. 158 ಮಂದಿ ಸತ್ತರು, 8 ಮಂದಿ ಉಳಿದರು. ಹೊಟ್ಟೆಪಾಡಿಗೆ ಕೊಲ್ಲಿಗೆ ಹೋಗಿದ್ದ ಕರಾವಳಿಯವರು, ಕಾಸರಗೋಡಿನವರು ಅದರಲ್ಲಿ ಎಷ್ಟೋ ಜನ. ಮುಖ್ಯ ಚಾಲಕ ದಾರಿಯುದ್ದಕ್ಕೂ ಬಹಳ ಹೊತ್ತು ನಿದ್ರೆ ಮಾಡಿದ್ದ. ಗೊರಕೆಯ ಸದ್ದು ಯಂತ್ರದಲ್ಲಿ ದಾಖಲಾಗಿತ್ತು. ಇಳಿಯಬೇಡ, ಮತ್ತೆ ಮೇಲೇರು ಎಂದು ಸಹಚಾಲಕ ಮೂರು ಬಾರಿ ಹೇಳಿದರೂ ಅವನು ಕೇಳಲಿಲ್ಲ. ತಪ್ಪು ಅವನದೇ, ವರದಿ ಹಾಗೇ ಹೇಳಿದೆ, ನಾವೂ ಅಲ್ಲವೆನ್ನುವುದಿಲ್ಲ. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಾಲಿದೆ: ಮಂಗಳೂರಿನ ರಾಡಾರು ಎರಡು ದಿನದಿಂದ ಕೆಟ್ಟಿತ್ತು, ಆದ್ದರಿಂದ ವಿಮಾನಕ್ಕೆ ಇಳಿಯಲು ಅಪ್ಪಣೆ ಸಿಕ್ಕಿದ್ದು ತಡವಾಗಿ. ಗೊರಕೆ ಎಲ್ಲ ಪತ್ರಿಕೆಗಳ ತಲೆಬರಹವಾಯಿತು. ರಾಡಾರು ಎಷ್ಟು ಜನರಿಗೆ ನೆನಪಿದೆ, ಕೈಯೆತ್ತಿ.

ರಾತ್ರಿಪಾಳಿ ಮಾಡುವವರಿಗೆ ಬೆಳಗಿನ ಜಾವದ ಆ ಮಂಪರನ್ನು ವಿವರಿಸಬೇಕಾಗಿಲ್ಲ. ಚಾಲಕರಿಗೆ ವಾರಕ್ಕೆ 36 ಗಂಟೆಯ ಬದಲು 48 ಗಂಟೆ ವಿಶ್ರಾಂತಿ, ರಾತ್ರಿ ಇಳಿಯುವುದಕ್ಕೆ ಕಟ್ಟುಪಾಡು ಎಂಬ ಹೊಸ ನಿಯಮ ಬಂತು. ಅದರ ಎರಡನೆಯ ಕಂತು 2025ರ ನವೆಂಬರಿನಲ್ಲಿ ಜಾರಿಯಾಯಿತು. ಡಿಸೆಂಬರಿನಲ್ಲಿ ದೇಶದ ಅತಿ ದೊಡ್ಡ ವಿಮಾನ ಕಂಪನಿ ಸಾಕಷ್ಟು ಚಾಲಕರನ್ನು ಅಣಿಮಾಡಿಕೊಳ್ಳದೆ ಸಾವಿರಾರು ಹಾರಾಟ ರದ್ದು ಮಾಡಿತು. ನಮ್ಮ ದೇವನಹಳ್ಳಿಯಲ್ಲೂ ಜನ ಪೆಟ್ಟಿಗೆಗಳ ಮೇಲೆ ಮಲಗಿದರು. ಸರಕಾರ ಏನು ಮಾಡಿತು? ಆ ಕಂಪನಿಗೆ ರಾತ್ರಿಯ ನಿಯಮದಿಂದ ಕೆಲಕಾಲ ವಿನಾಯಿತಿ ಕೊಟ್ಟಿತು. ಸಿದ್ಧವಾಗದವನು ಮಾಲೀಕ, ನಿದ್ದೆ ಕೆಡುವವನು ಕೆಲಸಗಾರ. ನಾಳೆ ಏನಾದರೂ ಆದರೆ ವರದಿಯ ಮೊದಲ ಸಾಲು ಯಾರ ಹೆಸರಿನಲ್ಲಿ ಬರುತ್ತದೆ?

ಸೈನ್ಯದ ವಿಮಾನಗಳ ವಿಷಯವಂತೂ ಇನ್ನೂ ಕತ್ತಲೆ. ಯಲಹಂಕದಲ್ಲಿ ಬಿದ್ದ ಹಾಕ್, ಎಚ್.ಎ.ಎಲ್.ನಲ್ಲಿ ಬಿದ್ದ ಮಿರಾಜ್, ಇವುಗಳ ವಿಚಾರಣೆ ನಡೆಸುವುದು ಸೈನ್ಯದ ಒಳಗಿನ ನ್ಯಾಯಮಂಡಲಿ. ಅದರ ವರದಿಯನ್ನು ಜನರ ಮುಂದೆ ಇಡುವ ಪದ್ಧತಿ ಇಲ್ಲ. ಶತ್ರುವಿಗೆ ತಿಳಿಯಬಾರದ ಗುಟ್ಟುಗಳಿವೆ, ಒಪ್ಪಿದೆವು. ಒಂದು ಬೋಲ್ಟು ಸಡಿಲಾಗಿತ್ತು, ಒಂದು ಬಿಡಿಭಾಗ ಬರಲು ತಡವಾಯಿತು, ಒಬ್ಬ ಕೆಲಸಗಾರನ ದೂರನ್ನು ಮೇಲಿನವನು ಓದಲಿಲ್ಲ, ಇವು ಯಾವ ಶತ್ರುವಿನ ಗುಟ್ಟು?

ಈ ಕುರಿತು ಒಂದು ಠರಾವಿನ ಕರಡು ಬಾಗಿಲ ಬಳಿಯ ಮೇಜಿನ ಮೇಲಿದೆ. ಸೈನ್ಯದ ವಿಮಾನಾಪಘಾತಗಳ ಕಾರಣಗಳನ್ನು ಗುಟ್ಟಿನ ಭಾಗ ಬಿಟ್ಟು ವರ್ಷಕ್ಕೊಮ್ಮೆ ಸಂಸತ್ತಿನ ಮುಂದಿಡಬೇಕು, ಚಾಲಕರ ವಿಶ್ರಾಂತಿಯ ನಿಯಮಕ್ಕೆ ಯಾವ ಕಂಪನಿಗೂ ವಿನಾಯಿತಿ ಕೂಡದು, ಕಾರಖಾನೆಯ ಅಪಘಾತ ವರದಿಗೆ ಸಂಘದ ಪ್ರತಿನಿಧಿಯ ರುಜುವೂ ಬೇಕು. ಓದಿ, ತಪ್ಪಿದ್ದರೆ ಪೆನ್ಸಿಲಿನಲ್ಲಿ ತಿದ್ದಿ, ಒಪ್ಪಿಗೆಯಾದರೆ ರುಜು ಮಾಡಿ. ರಾತ್ರಿಪಾಳಿಯವರು ಮೊದಲು ಮಾಡಿ ಹೊರಡಲಿ, ಅವರ ಬಸ್ಸಿಗೆ ಹೊತ್ತಾಯಿತು.