ಫೋರ್ ವೀಲ್ ಹಾಕಿದಾಗ ಟಡಕ್ ಅಂದರೆ

ಮೊದಲು ಒಂದು ಸದ್ದು ಕೇಳಿ. ಟಡಕ್… ಟಡಕ್, ಟಡಕ್. ಸೀಟಿನ ಕೆಳಗೆ ಯಾರೋ ಕೂತು ಸುತ್ತಿಗೆಯಲ್ಲಿ ಕುಟ್ಟಿದ ಹಾಗಿದೆ, ಅಲ್ವಾ? ಕಾಫಿ ತೋಟದ ಏರು, ಜುಲೈ ಮಳೆ, ಲೋ ರೇಂಜು, ಫಸ್ಟ್ ಗೇರು. ಆಕ್ಸಿಲರೇಟರ್ ಒತ್ತಿದರೆ ಬರುತ್ತೆ, ಕಾಲು ತೆಗೆದರೆ ನಿಲ್ಲುತ್ತೆ. ಟಾರ್ ರೋಡಿಗೆ ಬಂದು ಟೂ ವೀಲಿಗೆ ಹಾಕಿದರೆ ಗಾಡಿ ಪರಮ ಸಾಧು.

ಇದು ನನ್ನದೇ ಗಾಡಿ. ಈ ಸದ್ದು ಬಿಡಿಸೋಕೆ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಎರಡೂ ಹೊಸದು ಹಾಕಿಸಿದೆ, ಒಂದು ಹಬ್ ಬಿಚ್ಚಿಸಿದೆ. ದುಡ್ಡು ಹೋಯ್ತು, ಸದ್ದು ಹೋಗಲಿಲ್ಲ. ಅಸಲಿಗೆ ಟ್ರಾನ್ಸ್‌ಫರ್ ಕೇಸಿನ ಒಳಗೆ ಚೈನು ಹಲ್ಲು ಹಾರ್ತಾ ಇತ್ತು.

ಸಾಮಾನ್ಯವಾಗಿ ಗೇರ್ ಬಾಕ್ಸಿನ ಬೆನ್ನಿಗೆ ಅಂಟಿಕೊಂಡಿರೋ ಇನ್ನೊಂದು ಡಬ್ಬವೇ ಟ್ರಾನ್ಸ್‌ಫರ್ ಕೇಸು. ಬಹಳಷ್ಟು ಬಾಕ್ಸುಗಳಲ್ಲಿ ಹಿಂದಿನ ಚಕ್ರಕ್ಕೆ ಹೋಗೋ ಶಕ್ತಿ ಒಳಗೆ ನೇರವಾಗಿ ಹಾದುಹೋಗುತ್ತೆ. ಮುಂದಿನ ಚಕ್ರದ ಶಾಫ್ಟು ಮಾತ್ರ ಪಕ್ಕಕ್ಕೆ, ಒಂದಿಷ್ಟು ಕೆಳಗೆ ಇರುತ್ತೆ. ಅಲ್ಲಿಗೆ ಶಕ್ತಿ ದಾಟಿಸಬೇಕು. ಎರಡು ಗೇರು ಕಚ್ಚಿಸಿದರೆ ತಿರುಗೋ ದಿಕ್ಕೇ ಉಲ್ಟಾ ಆಗುತ್ತೆ, ಅದಕ್ಕೆ ನಡುವೆ ಮೂರನೇ ಗೇರು ಬೇಕು. ಹಳೇ ವಿಲ್ಲೀಸ್ ಜೀಪಿನ ಸ್ಪೈಸರ್ 18 ಬಾಕ್ಸು, ನಮ್ಮ ಜಿಪ್ಸಿಯ ಬಾಕ್ಸು, ಎಲ್ಲ ಹೀಗೆ ಬರೀ ಗೇರಿನವು. ಕಿವಿ ಕೊರೆಯೋ ಊಳು ಹಾಕ್ತಾವೆ, ಆದರೆ ಜಗ್ಗಲ್ಲ. ಆಮೇಲೆ ಬಂದವರು ಅಗಲವಾದ ಚೈನು ಹಾಕಿದರು. ಹಗುರ, ಸದ್ದಿಲ್ಲ, ದಿಕ್ಕೂ ಬದಲಾಗಲ್ಲ. ಜೀಪ್ ಚೆರೋಕಿಯ ಎನ್‌ಪಿ 231 ಅಂಥದ್ದು. ಬೋರ್ಗ್‌ವಾರ್ನರ್ 1354 ಕೂಡ ಅಂಥದ್ದೇ.

ಸೈಕಲ್ ಚೈನು ಸಡಿಲಾದರೆ ಹಿಂದಿನ ಚಕ್ರ ಎಳೆದು ಬಿಗಿ ಮಾಡ್ತೀವಿ. ಇಲ್ಲಿ ಆ ಆಟ ನಡೆಯಲ್ಲ. ಎರಡು ಶಾಫ್ಟಿನ ನಡುವಿನ ದೂರ ಅಲ್ಯುಮಿನಿಯಂ ಎರಕದಲ್ಲೇ ನಿಂತುಬಿಟ್ಟಿದೆ. ಚೈನು ಉದ್ದವಾಯ್ತು ಅಂತೀವಲ್ಲ, ಅದರ ಪಟ್ಟಿ ಎಳೆದು ಉದ್ದ ಆಗಿರೋದಲ್ಲ. ಪಿನ್ನು ಸವೆಯುತ್ತೆ, ಪಿನ್ನು ಕೂರೋ ತೂತು ಸವೆಯುತ್ತೆ. ಒಂದೊಂದು ಕೀಲಲ್ಲಿ 0.1 ಮಿ.ಮೀ. ಹೋಯ್ತು ಅಂದ್ಕೊಳ್ಳಿ. ಅಂಥ 40 ಕೀಲಿದ್ದರೆ 4 ಮಿ.ಮೀ. ಆಯ್ತು. ಅಷ್ಟು ಸಡಿಲ ಸಿಕ್ಕಿದ ಚೈನು ಜೋರು ಬಿದ್ದಾಗ ಹಲ್ಲಿನ ತುದಿಗೆ ಹತ್ತಿ ಆಚೆ ಬೀಳುತ್ತೆ. ಲೋ ರೇಂಜಲ್ಲೇ ಮೊದಲು ಯಾಕೆ? 1354ರಲ್ಲಿ ಲೋ ಅನುಪಾತ 2.48. ಅಂದರೆ ಗೇರ್ ಬಾಕ್ಸಿಂದ ಬಂದ ಎಳೆತ ಎರಡೂವರೆ ಪಟ್ಟಾಗಿ ಮುಂದಕ್ಕೆ ಹೋಗುತ್ತೆ.

ಸದ್ದು ಕೇಳಿದ ಕೂಡಲೇ ಬಾಕ್ಸ್ ಇಳಿಸಬೇಡಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಕಟಕಟ ಅಂದರೆ ಅದು ಚಕ್ರದ ಹತ್ತಿರದ ಜಾಯಿಂಟು. ಮುಂದಕ್ಕೆ ಹಿಂದಕ್ಕೆ ಗೇರ್ ಬದಲಿಸಿದಾಗ ಒಂದೇ ಸಲ ಟಣ್ ಅಂದು ಸುಮ್ಮನಾದರೆ ಕ್ರಾಸ್ ನೋಡಿ. ಲಿವರ್ ಇರೋ ಗಾಡಿಯಾದರೆ ಸದ್ದು ಬರೋ ಹೊತ್ತಿಗೆ ಅದರ ಮೇಲೆ ಕೈ ಇಡಿ. ಲಿವರ್ ತಾನೇ ಜಾರಿ ನ್ಯೂಟ್ರಲ್ ಕಡೆ ಬಂದರೆ ಒಳಗೆ ಗೇರು ಸರಿಸೋ ಫೋರ್ಕು ಸವೆದಿರಬಹುದು, ಚೈನಲ್ಲ. ಲಿವರ್ ಅಲ್ಲಾಡದೆ ಸದ್ದು ಮಾತ್ರ ಬಂದರೆ ಚೈನಿನ ಮೇಲೆ ಗುಮಾನಿ ಇಡಬಹುದು.

ಗುಮಾನಿ ಸಾಬೀತು ಮಾಡೋಕೆ ಒಂದು ಸೀಮೆಸುಣ್ಣ ಸಾಕು. ಗಾಡಿ ಮಟ್ಟಸ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಕಲ್ಲಿನ ವಿಷಯದಲ್ಲಿ ಸೋಮಾರಿತನ ಬೇಡ. ಟ್ರಾನ್ಸ್‌ಫರ್ ಕೇಸು ನ್ಯೂಟ್ರಲ್ಲಿಗೆ ಬಂದರೆ ಗೇರಲ್ಲಿರೋ ಗಾಡಿಯೂ ಉರುಳುತ್ತೆ, ಕೆಳಗಿರೋದು ನೀವು. ಎಂಜಿನ್ ಆಫ್, ಫಸ್ಟ್ ಗೇರು, ಫೋರ್ ಹೈ. ಮುಂದಿನ ಶಾಫ್ಟನ್ನು ಡಿಫರೆನ್ಷಿಯಲ್ ಕಡೆ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಿ. ಮುಂದಿನ ಶಾಫ್ಟಿಗೂ ಹಿಂದಿನ ಶಾಫ್ಟಿಗೂ ಒಂದೊಂದು ಗೆರೆ ಎಳೀರಿ. ಈಗ ಮುಂದಿನದನ್ನು ಆಚೆ ಈಚೆ ತಿರುಗಿಸಿ. ಹಿಂದಿನ ಗೆರೆ ಅಲುಗೋದಕ್ಕೆ ಮೊದಲು ಮುಂದಿನ ಗೆರೆ ಎಷ್ಟು ಸರಿಯಿತು, ಅಷ್ಟೂ ಬಾಕ್ಸಿನ ಒಳಗಿನ ಪ್ಲೇ. ನನ್ನ ಗಾಡೀಲಿ ಹೆಬ್ಬೆರಳಗಲ ಸರಿಯಿತು, ಒಳಗಿಂದ ಡಬ್ಬ ಬಡಿದ ಹಾಗೆ ಲೊಟಕ್ ಅಂತ ಸದ್ದು ಬೇರೆ.

ಆಮೇಲೆ ಆಯಿಲ್ ಇಳಿಸಿದೆ. ಡ್ರೈನ್ ಬೋಲ್ಟಿನ ತುದಿಯಲ್ಲಿ ಬೂದಿ ಬಣ್ಣದ ಪೇಸ್ಟ್ ಇದ್ದರೆ ಹೆದರಬೇಡಿ, ಅದು ಇದ್ದದ್ದೇ. ಆದರೆ ಆಯಿಲಿನಲ್ಲಿ ಜರಿ ಚೂರಿನ ಹಾಗೆ ಮಿಂಚ್ತಾ ಇದ್ದು, ಅಯಸ್ಕಾಂತಕ್ಕೆ ಹತ್ತದೇ ಹೋದರೆ ಅದು ಅಲ್ಯುಮಿನಿಯಂ. ಚೈನು ಡಬ್ಬದ ಗೋಡೆಯನ್ನೇ ಕೆರೆದು ತಿಂದಿದೆ ಅಂತ ಅರ್ಥ.

ಬಾಕ್ಸ್ ಇಳಿಸೋದು ಬುದ್ಧಿಯ ಕೆಲಸ ಅಲ್ಲ, ರಟ್ಟೆಯ ಕೆಲಸ. ಮೂವತ್ತು ಕಿಲೋ ಮೇಲೆ ತೂಗುತ್ತೆ, ಎದೆ ಮೇಲೆ ಇಳಿಸ್ಕೋಬೇಡಿ, ಜಾಕ್ ಇಡಿ. ಹಿಂದಿನ ಅರ್ಧ ಬಿಚ್ಚಿ, ಸರ್ಕ್ಲಿಪ್ ತೆಗೆದು, ಚೈನು ಕೂರೋ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್ಟು, ಎರಡನ್ನೂ ಚೈನ್ ಸಮೇತ ಒಟ್ಟಿಗೆ ಎಳೀಬೇಕು. ಒಂದೊಂದಾಗಿ ಬರಲ್ಲ.

ಬಂದ ಚೈನನ್ನು ಒಂದು ತುದಿಯಲ್ಲಿ ಹಿಡಿದು, ಅಡ್ಡ ಮಲಗಿಸಿದ ಹಾಗೆ ಗಾಳಿಗೆ ಚಾಚಿ. ಹೊಸ ಚೈನು ಬಹುಪಾಲು ನೆಟ್ಟಗೆ ನಿಲ್ಲುತ್ತೆ. ನನ್ನದು ಮದುವೆ ಹಾರದ ಹಾಗೆ ಜೋತುಬಿತ್ತು. ಹಲ್ಲುಗಳನ್ನು ಉಗುರಲ್ಲಿ ಸವರಿ ನೋಡಿ, ಒಂದು ಕಡೆ ಕೊಕ್ಕೆ ಆಗಿದ್ದರೆ ಸ್ಪ್ರಾಕೆಟ್ಟೂ ಬದಲಾಗಬೇಕು. ಹಳೇ ಹಲ್ಲಿಗೆ ಹೊಸ ಚೈನು ಹಾಕಿದರೆ ಅದೂ ಬೇಗ ಕೆಡುತ್ತೆ. "ಒಂದು ಕೊಂಡಿ ತೆಗೆದು ಬಿಗಿ ಮಾಡೋಣ ಸಾರ್" ಅಂತ ಯಾರಾದರೂ ಅಂದರೆ ಟೀ ಕುಡಿಸಿ ಕಳಿಸಿ.

ಬಾಕ್ಸ್ ತೆರೆದಿದ್ದಾಗಲೇ ಬೇರಿಂಗು, ಆಯಿಲ್ ಸೀಲು, ಫೋರ್ಕಿನ ಪ್ಯಾಡು ನೋಡಿಬಿಡಿ. ಮುಚ್ಚುವಾಗ ಸಿಲಿಕೋನ್ ತೆಳ್ಳಗೆ ಒಂದು ಗೆರೆ ಸಾಕು. ಧಾರಾಳ ಆದರೆ ಒಳಗೆ ಉದುರಿ ಆಯಿಲ್ ಪಂಪಿನ ಜಾಲರಿ ಕಟ್ಟಿಕೊಳ್ಳುತ್ತೆ. ಆಯಿಲ್ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿ. ಇಂಥ ಬಾಕ್ಸುಗಳಲ್ಲಿ ಬಹಳಷ್ಟಕ್ಕೆ ಆಟೊಮ್ಯಾಟಿಕ್ ಗೇರಿನ ತೆಳು ಆಯಿಲೇ, ದಪ್ಪ ಗೇರ್ ಆಯಿಲಲ್ಲ.

ಇಷ್ಟಾದ ಮೇಲೂ ನನಗೆ ನಿದ್ದೆ ಬರಲಿಲ್ಲ. ಇಷ್ಟು ಬೇಗ ಯಾಕೆ ಸವೀತು? ಟೈರ್ ನೋಡಿದೆ. ಹಿಂದೆ ಎರಡೂ ಹೊಸವು, ರಬ್ಬರ್ 8 ಮಿ.ಮೀ.; ಮುಂದಿನವು ಹಳೇವು, 2 ಮಿ.ಮೀ. ವ್ಯಾಸದಲ್ಲಿ 12 ಮಿ.ಮೀ. ವ್ಯತ್ಯಾಸ, ಒಂದು ಸುತ್ತಿಗೆ ಸುಮಾರು 38 ಮಿ.ಮೀ. ಕಿಲೋಮೀಟರಿಗೆ ಚಕ್ರ 450 ಸುತ್ತು ತಿರುಗುತ್ತೆ ಅಂದರೆ ಲೆಕ್ಕಕ್ಕೆ 17 ಮೀಟರು. ಕೆಸರಲ್ಲಾದರೆ ಚಕ್ರ ಜಾರಿ ಆ 17 ಮೀಟರನ್ನು ನುಂಗಿಬಿಡುತ್ತೆ. ನಾನೋ, ಮಳೆ ಇದೆ, ಹಿಡಿತ ಇರಲಿ ಅಂತ ಟಾರ್ ಘಾಟಿಯಲ್ಲೂ ಫೋರ್ ವೀಲ್ ಹಾಕ್ಕೊಂಡೇ ಓಡಿಸ್ತಿದ್ದೆ. ಜಾರೋಕೆ ಜಾಗ ಇಲ್ಲದೆ ಆ ಜಗ್ಗಾಟ ಅಷ್ಟೂ ಚೈನಿನ ಮೇಲೆ ಬಿತ್ತು.

ಹಾಗಾಗಿ ಚೈನಿನ ಬಿಲ್ಲಿನ ಜೊತೆಗೆ ಎರಡು ಟೈರಿನ ಬಿಲ್ಲೂ ಸೇರಿತು.